ಸೊಪ್ಪಿನಬೆಟ್ಟದಲ್ಲಿ ಮೂರನೇ ಮಳೆಗಾಲ

ಶಿರಸಿ ಕಡೆ ಅಡಿಕೆ ತೋಟ ಇದ್ದವರಿಗೆ ಸೊಪ್ಪಿನಬೆಟ್ಟ ಗೊತ್ತೇ ಇರುತ್ತದೆ: ತೋಟದ ಗೊಬ್ಬರಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಅನ್ನುವುದು ಬ್ರಿಟಿಷರ ಕಾಲದಿಂದ ಬಂದ ಲೆಕ್ಕ. ಜಾಗ ಸರ್ಕಾರದ್ದು, ಸೊಪ್ಪು ಮತ್ತು ದರಕಿನ, ಅಂದರೆ ಉದುರಿದ ಒಣ ಎಲೆಯ ಹಕ್ಕು ನಮ್ಮದು. ನನ್ನ ಪಾಲಿಗೆ ಬಂದದ್ದು 5 ಎಕರೆ, ಅದರಲ್ಲಿ ಅರ್ಧ ಬೋಳು.

ಮೊದಲ ವರ್ಷ 120 ಸಸಿ ತಂದು ಸಾಲಾಗಿ ನೆಟ್ಟೆ. ದನ ತಿಂದು, ಬಿಸಿಲಿಗೆ ಒಣಗಿ ಉಳಿದದ್ದು 31. ಮೇಲಿನ ಮೂಲೆಯಲ್ಲಿ ದನ ಬಾರದಂತೆ ಅಗಳ (ಕಂದಕ) ತೋಡಿ ಏನೂ ನೆಡದೆ ಸುಮ್ನೆ ಬಿಟ್ಟಿದ್ದೆ, ಅಲ್ಲಿ ಮತ್ತಿ, ಹೊನ್ನೆ, ಕೌಲು ಮರಗಳು ಹಳೇ ಬುಡದಿಂದಲೇ ಚಿಗುರಿ ಸೊಂಟದೆತ್ತರ ಬಂದವು. ಸ್ವಲ್ಪ ಅವಮಾನವೇ ಆಯಿತು.

ಈ ಜೂನ್: ಸಸಿ ಖರೀದಿ ಬಂದ್. ಯುಪಟೋರಿಯಂ ಎಂಬ ಕಳೆ ಕೀಳುವುದೊಂದೇ ಕೆಲಸ. ಕತ್ತಿಯಲ್ಲಿ ಸವರಿದರೆ ಬುಡದಿಂದ ಜಾಸ್ತಿ ಟಿಸಿಲೊಡೆದು ಏಳುತ್ತದೆ. ಮಣ್ಣು ಹಸಿಯಿದ್ದಾಗ ಬುಡ ಹಿಡಿದು ಅಲ್ಲಾಡಿಸಿ ಎಳೆದರೆ ಬೇರು ಸಮೇತ ಬರುತ್ತದೆ. ಆ ಘಾಟು ಮಾತ್ರ ಕೈ ಬಿಟ್ಟು ಹೋಗುವುದಿಲ್ಲ. ಚಳಿಗಾಲಕ್ಕೆ ಹೂವಾಗಿ ಬೀಜ ಗಾಳಿಗೆ ಹಾರಿತೋ, ಮತ್ತೆ ಮೊದಲಿಂದ. ಈವರೆಗೆ ಒಂದು ಎಕರೆ ಮುಗಿದಿದೆ.

ಜುಲೈ: ದರಕಿನ ಜಗಳ. ಮೇಲಿನ ಅರ್ಧದಲ್ಲಿ ಇನ್ನು ಗುಡಿಸುವುದು ಬೇಡ ಅಂದೆ.

"ಹಂಗಾದ್ರೆ ಕೊಟ್ಟಿಗೆಗೆ ಎಂತ ಹಾಸ್ತೆ?" ಅಂದರು ಅಪ್ಪಯ್ಯ.

ಕೇಳಿದ್ದು ನ್ಯಾಯವೇ. ಕೊಟ್ಟಿಗೆಗೆ ಹಾಸಿದ ದರಕೇ ಗೊಬ್ಬರವಾಗುವುದು, ಗೊಬ್ಬರವಿಲ್ಲದೆ ತೋಟ ಎಲ್ಲಿಂದ? ಮೇಲಾಗಿ ದರಕು ಹಾಗೇ ಬಿದ್ದಿದ್ದರೆ ಬೇಸಿಗೆಯಲ್ಲಿ ಬೆಂಕಿಯ ಭಯ. ಎರಡು ದಿನ ಮಾತು ಬಿಟ್ಟು, ಕೊನೆಗೆ ಹೀಗೆ ಒಪ್ಪಿದೆವು: ಒಂದು ವರ್ಷ ಮೇಲಿನರ್ಧ ಬಿಡುವುದು, ಮರು ವರ್ಷ ಕೆಳಗಿನರ್ಧ. ಬಿಟ್ಟ ಕಡೆಯೂ ಸುತ್ತ ಎರಡು ಮಾರು ಅಗಲ ಗುಡಿಸಿ ಬೆಂಕಿಗೆರೆ ಮಾಡುವುದು, ಆ ದರಕು ಕೊಟ್ಟಿಗೆಗೆ. ಸೊಪ್ಪು ಕಡಿಯುವಾಗ ಮರದ ತುದಿ ಮುಟ್ಟುವ ಹಾಗಿಲ್ಲ. ಇದು ಅಪ್ಪಯ್ಯನೇ ಸೇರಿಸಿದ ಷರತ್ತು.

ಆಗಸ್ಟ್: ಮೇ ತಿಂಗಳಲ್ಲಿ ಮುರುಗಲ (ಪುನರ್ಪುಳಿ) ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಬೀಜವನ್ನು ಒಣಗಲು ಬಿಡದೆ ಬೆಟ್ಟಕ್ಕೊಯ್ದು ದರಕಿನಡಿ ಊರಿದ್ದೆ. ಒಣಗಿದರೆ ಅದು ಹುಟ್ಟುವುದಿಲ್ಲ. ನಿನ್ನೆ ಮಳೆ ಹೊಳವಾದಾಗ ಹೋಗಿ ಒದ್ದೆ ಮತ್ತಿ ಎಲೆ ಒಂದೊಂದೇ ಎತ್ತಿದೆ. ಅಡಿಯಲ್ಲಿ ನೂಲಿನಂಥ ಬಿಳಿ ಬೂಷ್ಟು, ಸುರುಳಿ ಸುತ್ತಿ ಮಲಗಿದ ಚೋರಟೆ ಹುಳ, ಅದರ ಪಕ್ಕ ಬೆರಳುದ್ದದ ಕೆಂಪು ಚಿಗುರು. ಎಣಿಸಿದ್ದು 14. ಗಂಡು ಮರ ಯಾವುದು, ಹಣ್ಣು ಬಿಡುವ ಹೆಣ್ಣು ಮರ ಯಾವುದು ಅಂತ ತಿಳಿಯಲು ಹೂವಾಗುವವರೆಗೆ ಕಾಯಬೇಕು. ಹಣ್ಣೆಲ್ಲ ಮಂಗನ ಪಾಲಾದರೂ ಅಡ್ಡಿಯಿಲ್ಲ, ತೋಟಕ್ಕೆ ಇಳಿಯುವುದು ಅಷ್ಟು ಕಡಿಮೆಯಾದೀತು ಅಲ್ವಾ?

ಮುಂದಿನ ವಾರ ಕೆಳಗಿನ ಅಗಳ ರಿಪೇರಿ. ದಂಡೆ ಕುಸಿದಲ್ಲಿ ನೆರೆಮನೆಯ ಎಮ್ಮೆ ದಾರಿ ಮಾಡಿಕೊಂಡಿದೆ.