ಅವನ ಶರ್ಟಿನ ಗುಂಡಿ

17 ನವೆಂಬರ್ 2024, ಭಾನುವಾರ ರಾತ್ರಿ

ಮೇಜಿನ ಮೇಲೆ ಒಂದು ಶರ್ಟಿನ ಗುಂಡಿ ಇದೆ. ತಿಳಿನೀಲಿ ಬಣ್ಣ, ನಾಲ್ಕು ತೂತು, ಒಂದರಲ್ಲಿ ಇನ್ನೂ ದಾರದ ತುಂಡು ಸಿಕ್ಕಿಕೊಂಡಿದೆ. ಅದು ನನ್ನದಲ್ಲ.

ಬೆಳಿಗ್ಗೆ ಸಿಗ್ನಲ್ ಹತ್ತಿರ ಒಬ್ಬ ಹುಡುಗನ ಬೈಕ್ ನಮ್ಮ ಕಾರಿನ ಕನ್ನಡಿಗೆ ತಾಗಿತು. ಕನ್ನಡಿ ಒಡೆಯಲಿಲ್ಲ, ಮಡಚಿಕೊಂಡಿತು ಅಷ್ಟೆ. ಸುಮ್ನೆ ಕೈ ಚಾಚಿ ಸರಿ ಮಾಡಿಕೊಂಡು ಹೋಗಬಹುದಿತ್ತು. ಪಕ್ಕದಲ್ಲಿ ನಿಂತಿದ್ದ ಯಾರೋ, "ಏನ್ ಸಾರ್, ಕೈಗೆ ಬಳೆ ತೊಟ್ಕೊಂಡಿದ್ದೀರಾ?" ಅಂದ. ಬಳೆ ತೊಟ್ಟವರು ಏನು ಕಡಿಮೆ ಅಂತ ಕೇಳುವ ಬುದ್ಧಿ ಆಗ ಬರಲಿಲ್ಲ. ಇಳಿದೆ. ಹೋಗಿ ಹುಡುಗನ ಕಾಲರ್ ಹಿಡಿದೆ.

ಇಪ್ಪತ್ತು ದಾಟಿರಲಿಕ್ಕಿಲ್ಲ. ಹೆಲ್ಮೆಟ್ ಪಟ್ಟಿ ಬಿಚ್ಚಲು ನೋಡುತ್ತಿದ್ದ, ಬೆರಳು ನಡುಗಿ ಕೊಂಡಿ ಸಿಗುತ್ತಿರಲಿಲ್ಲ. "ಸಾರಿ ಅಂಕಲ್" ಅಂತ ಮೂರು ಸಲ ಹೇಳಿದ. ಮೂರನೇ ಸಲವೂ ನಾನು ಬಿಟ್ಟಿರಲಿಲ್ಲ. ಹಸಿರು ದೀಪ ಬಿತ್ತು, ಹಿಂದಿನವರು ಹಾರ್ನ್ ಹೊಡೆದರು, ಆಗ ಬಿಟ್ಟೆ.

ಹಿಂದಿನ ಸೀಟಿನಲ್ಲಿ ಮಗ ಇದ್ದ. ಸ್ವಲ್ಪ ದೂರ ಹೋದ ಮೇಲೆ ಕೇಳಿದ: "ಅಪ್ಪ, ಅವ್ನು ಸಾರಿ ಕೇಳಿದ್ನಲ್ಲ, ಮತ್ತೆ ಯಾಕೆ ಬಿಡ್ಲಿಲ್ಲ ನೀನು?"

ನನಗೆ ಯುದ್ಧದ ಕಥೆಗಳ ಹುಚ್ಚು ಅಂತ ಇಲ್ಲಿಗೆ ಬರುವವರಿಗೆ ಗೊತ್ತೇ ಇದೆ. ಮಗನಿಗೂ ನಾನೇ ಹೇಳಿದ್ದು. ಶಸ್ತ್ರ ಕೆಳಗಿಟ್ಟವನನ್ನು ಹೊಡೆಯಬಾರದು, ಬೆನ್ನು ತೋರಿಸಿ ಓಡುವವನನ್ನು ಹೊಡೆಯಬಾರದು, ಸರಿಸಮಾನರ ಜೊತೆ ಮಾತ್ರ ಕಾದಬೇಕು ಅಂತ ಕುರುಕ್ಷೇತ್ರಕ್ಕೆ ಮೊದಲು ಎರಡೂ ಕಡೆಯವರು ಒಪ್ಪಿಕೊಂಡಿದ್ದರು. ಹದಿನೆಂಟು ದಿನದಲ್ಲಿ ಆ ಒಪ್ಪಂದ ಮಣ್ಣುಪಾಲಾಯಿತು, ನಿಜ. ಅಭಿಮನ್ಯುವನ್ನು ಗುಂಪುಗಟ್ಟಿ ಕೊಂದರು. ಕರ್ಣ ರಥದ ಚಕ್ರ ಎತ್ತುತ್ತಿದ್ದಾಗ ಹೊಡೆದರು. ಭೀಮ ತೊಡೆಗೆ ಹೊಡೆದ. ಆದರೆ ಕಥೆ ಅದನ್ನು ಮುಚ್ಚಿಡಲಿಲ್ಲ. ಬಲರಾಮ ಸಿಟ್ಟಿನಿಂದ ನೇಗಿಲು ಎತ್ತಿಕೊಂಡು ಗೆದ್ದ ಭೀಮನ ಮೇಲೇ ಹೋದ. ಗೆದ್ದವನೂ ತಲೆ ತಗ್ಗಿಸಬೇಕಾಗಬಹುದು ಅಂತ ಕಥೆ ಕಟ್ಟಿದವರಿಗೆ ಗೊತ್ತಿತ್ತು.

ಬಳೆಯ ಮಾತಿನದು ಬೇರೆ ಲೆಕ್ಕ. ಅದು ನೋಡುವವರ ಕಣ್ಣಿನಲ್ಲಿರುವ ಮಾನ. ಇಂಗ್ಲೆಂಡಿನಲ್ಲಿ ಬಳೆಯ ಬದಲು ಬಿಳಿ ಗರಿ ಇತ್ತು. ಮೊದಲನೇ ಮಹಾಯುದ್ಧದ ಹೊತ್ತು, 1914ರ ಆಗಸ್ಟ್‌ನಲ್ಲಿ ಚಾರ್ಲ್ಸ್ ಫಿಟ್ಸ್‌ಜೆರಾಲ್ಡ್ ಎಂಬ ಅಡ್ಮಿರಲ್ ಫೋಕ್‌ಸ್ಟೋನ್‌ನಲ್ಲಿ 30 ಹೆಂಗಸರನ್ನು ಸೇರಿಸಿ, ಸಮವಸ್ತ್ರವಿಲ್ಲದೆ ಓಡಾಡುವ ಗಂಡಸರಿಗೆಲ್ಲ ಗರಿ ಹಂಚಿಸಿದ. ಹೇಡಿ ಅಂತ ಅರ್ಥ. ಅದು ಊರೂರಿಗೆ ಹಬ್ಬಿತು. ಗಾಯಗೊಂಡು ಮನೆಗೆ ಬಂದವರಿಗೂ ಗರಿ ಸಿಗತೊಡಗಿತು. 1916ರಲ್ಲಿ ಅಂಥವರ ಕೋಟಿಗೆ ಚುಚ್ಚಿಕೊಳ್ಳಲು ಸರ್ಕಾರ ಬೆಳ್ಳಿ ಬ್ಯಾಡ್ಜ್ ಕೊಡಬೇಕಾಯಿತು. ಅದೇ ಯುದ್ಧದಲ್ಲಿ ಹೇಡಿತನ, ಸೇನೆ ಬಿಟ್ಟು ಓಡಿದ್ದು ಇಂಥ ಆರೋಪಗಳ ಮೇಲೆ ಬ್ರಿಟಿಷ್ ಸೇನೆ ತನ್ನದೇ 306 ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ.

ನಾವು ಯುದ್ಧದಿಂದ ಮನೆಗೆ ತಂದುಕೊಂಡದ್ದು ಈ ಗರಿಯನ್ನೇ ಅನಿಸುತ್ತದೆ. ಗಂಡಸಾಗುವುದು ಹೇಗೆ ಅಂತ ಕಲಿಸುವ ವಿಡಿಯೋಗಳನ್ನು ನಾನೂ ನೋಡುತ್ತೇನೆ, ಜಾಸ್ತಿಯೇ ನೋಡುತ್ತೇನೆ. ಕತ್ತಿ, ಸಿಂಹ, ಸ್ಪಾರ್ಟಾದ ಶಿರಸ್ತ್ರಾಣ, ಹಿಂದೆ ಡೋಲು. ಯಾರನ್ನು ಹೊಡೆಯಬಾರದು ಅಂತ ನಾನು ನೋಡಿದ ಒಂದರಲ್ಲೂ ಹೇಳಿಲ್ಲ.

ಹ್ಯೂ ಥಾಂಪ್ಸನ್‌ನ ಕಥೆ ಮಗನಿಗೆ ಇನ್ನೂ ಹೇಳಿಲ್ಲ. 1968ರ ಮಾರ್ಚ್ 16, ವಿಯೆಟ್ನಾಂನ ಮೈ ಲಾಯ್. ಅಮೆರಿಕದ ಸೈನಿಕರು ಊರೊಳಗೆ ನುಗ್ಗಿ ಮುದುಕರು, ಹೆಂಗಸರು, ಮಕ್ಕಳು ಅಂತ ನೋಡದೆ ಕೊಲ್ಲುತ್ತಿದ್ದರು. ಥಾಂಪ್ಸನ್ ಅದೇ ಸೇನೆಯ ಹೆಲಿಕಾಪ್ಟರ್ ಪೈಲಟ್, ವಯಸ್ಸು 24. ಒಂದು ಬಂಕರಿನಲ್ಲಿ ಊರಿನವರು ಅವಿತಿದ್ದರು, ಸೈನಿಕರು ಅತ್ತ ಬರುತ್ತಿದ್ದರು. ಅವನು ಹೆಲಿಕಾಪ್ಟರನ್ನು ಇಬ್ಬರ ನಡುವೆ ಇಳಿಸಿದ. ಇವರ ಮೇಲೆ ನಮ್ಮವರು ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೇ ಹಾರಿಸಿ ಅಂತ ತನ್ನ ಜೊತೆಯ ಲಾರೆನ್ಸ್ ಕೋಲ್ಬರ್ನ್ ಮತ್ತು ಗ್ಲೆನ್ ಆಂಡ್ರಿಯೊಟಾಗೆ ಹೇಳಿದ. ಬಂಕರಿನ ಕಡೆ ಒಬ್ಬನೇ ನಡೆದು ಹೋಗಿ ಅವರನ್ನು ಹೊರಗೆ ಕರೆದ. ಬೇರೆ ಹೆಲಿಕಾಪ್ಟರ್‌ಗಳನ್ನು ಕರೆಸಿ ಕಳಿಸಿಕೊಟ್ಟ. ಆಮೇಲೆ ಹೆಣಗಳು ತುಂಬಿದ ಹಳ್ಳಕ್ಕೆ ಇಳಿದ ಆಂಡ್ರಿಯೊಟಾ ಜೀವ ಇದ್ದ ಒಂದು ಮಗುವನ್ನು ಎತ್ತಿಕೊಂಡು ಬಂದ. ಮೂರು ವಾರ ಆದ ಮೇಲೆ ಅವನೂ ಯುದ್ಧದಲ್ಲಿ ಸತ್ತ.

ಥಾಂಪ್ಸನ್‌ಗೂ ಬಳೆ ತೊಡಿಸಿದರು, ಅವರದೇ ರೀತಿಯಲ್ಲಿ. ದ್ರೋಹಿ ಅಂದರು. ಕೊಲ್ಲುತ್ತೇವೆ ಅಂತ ಬೆದರಿಸಿದರು. ಮನೆ ಮುಂದೆ ಸತ್ತ ಪ್ರಾಣಿಗಳನ್ನು ಎಸೆದು ಹೋದರು. ಊರಿನವರನ್ನು ಉಳಿಸಿದ್ದಕ್ಕೆ ಸೋಲ್ಜರ್ಸ್ ಮೆಡಲ್ ಎಂಬ ಪದಕ ಕೊಟ್ಟದ್ದು 1998ರಲ್ಲಿ, 30 ವರ್ಷ ಆದ ಮೇಲೆ.

ಇವನ್ನೆಲ್ಲ ಎಷ್ಟೋ ವರ್ಷದಿಂದ ಓದಿಕೊಂಡಿದ್ದೇನೆ. ಬೆಳಿಗ್ಗೆ ಒಂದೂ ನೆನಪಾಗಲಿಲ್ಲ. ಮುಖವೂ ನೋಡದ ಒಬ್ಬನ ಮಾತಿಗೆ ಮುಷ್ಟಿ ತಾನಾಗಿ ಬಿಗಿಯಾಯಿತು. ಅವನು ಆಮೇಲೆ ಎತ್ತ ಹೋದನೋ, ಪೂರ್ತಿ ನೋಡಲು ನಿಂತಿದ್ದನೋ ಇಲ್ಲವೋ.

ಕಾರಿನಲ್ಲಿ ಮಗನಿಗೆ ನಾನು ಉತ್ತರ ಹೇಳಲಿಲ್ಲ. ರೇಡಿಯೋ ಹಾಕಿದೆ. ಅವನು ಕಿಟಕಿ ಕಡೆ ತಿರುಗಿದ. ಸಂಜೆ ಕಾರಿನಲ್ಲಿ ಬಿಟ್ಟಿದ್ದ ಬ್ಯಾಗ್ ತರಲು ಹೋದವನು ಸೀಟಿನ ಕೆಳಗೆ ಬಿದ್ದಿದ್ದ ಈ ಗುಂಡಿಯನ್ನು ಹೆಕ್ಕಿಕೊಂಡು ಬಂದ.

"ನಿಂದಾ?"

"ಅಲ್ಲ."

"ಗೊತ್ತು," ಅಂದು ಮೇಜಿನ ಮೇಲಿಟ್ಟು ಹೋದ.