ಸ್ಕೀ ಕಟ್ಟಿಕೊಂಡು, ಅಜ್ಜಿಯನ್ನೂ ಕರಕೊಂಡು

ಮ್ಯೂನಿಕ್‌ನಲ್ಲಿ ನವೆಂಬರ್ ಬಂತೆಂದರೆ ಆಫೀಸಿನ ಊಟದ ಮೇಜಿನಲ್ಲಿ ಒಂದೇ ಮಾತು, ಈ ಸಲ ಸ್ಕೀಯಿಂಗ್ ಎಲ್ಲಿಗೆ ಅಂತ. ಅವರ ಲೆಕ್ಕವೆಲ್ಲ ಕಿಲೋಮೀಟರಿನಲ್ಲಿ. ಅಲ್ಲಿ ಇಷ್ಟು ಇಳಿಜಾರು, ಇಲ್ಲಿ ಇಷ್ಟು ಲಿಫ್ಟು. ಐದು ದಾಟಿದ ಮಗಳು, ಮೂರು ತುಂಬಿದ ಮಗ, ಜೊತೆಗೆ ಸಾಗರದಿಂದ ಬಂದಿದ್ದ ನನ್ನಮ್ಮ, ಇಷ್ಟು ಜನ ಹೊರಟಾಗ ಆ ಲೆಕ್ಕ ಮೂರು ಕಾಸಿನ ಉಪಯೋಗಕ್ಕಿಲ್ಲ. ನಾವು ಕೇಳಬೇಕಾದ್ದು ಬೇರೆಯೇ. ಉಳಿಯುವ ಮನೆಯಿಂದ ಹಿಮಕ್ಕೆ ಎಷ್ಟು ದೂರ? ಶೌಚಾಲಯ ಎಲ್ಲಿದೆ? ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು, ಅದರೊಳಗೆ ಕಣಕಾಲು ಬಗ್ಗುವುದಿಲ್ಲ. ಅದನ್ನು ಹಾಕಿಕೊಂಡು ಮಗು ಇನ್ನೂರು ಮೀಟರ್ ನಡೆಯಿತೆಂದರೆ ಅವತ್ತಿನ ಉತ್ಸಾಹ ಅಲ್ಲಿಗೇ ಖಾಲಿ. ಆಮೇಲೆ ಮಗು ನಿಮ್ಮ ಸೊಂಟದ ಮೇಲೆ, ಅದರ ಸ್ಕೀ ನಿಮ್ಮ ಕಂಕುಳಲ್ಲಿ.

ಹಾಗಾಗಿ ನಾವು ಬೆಟ್ಟ ನೋಡಲಿಲ್ಲ, ಊರು ನೋಡಿದೆವು. ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಸೆರ್ಫೌಸ್ ಕಣ್ಣಿಗೆ ಬಿದ್ದದ್ದು ಹಾಗೆ. ಇನ್ ನದಿಯ ಕಣಿವೆಯ ಮೇಲೆ, ಸುಮಾರು 1,430 ಮೀಟರ್ ಎತ್ತರದಲ್ಲಿರುವ, ಸಾವಿರ ಚಿಲ್ಲರೆ ಜನರ ಹಳ್ಳಿ. ಅಕ್ಕಪಕ್ಕದ ಫಿಸ್, ಲಾಡಿಸ್ ಊರುಗಳನ್ನೂ ಸೇರಿಸಿದರೆ ಇಳಿಜಾರುಗಳ ಉದ್ದ ಇನ್ನೂರು ಕಿಲೋಮೀಟರ್ ದಾಟುತ್ತದಂತೆ. ಅದರಲ್ಲಿ ನಾವು ತುಳಿದದ್ದು ಎಷ್ಟು ಅಂತ ಕೇಳಬೇಡಿ. ನಮಗೆ ಮುಖ್ಯವಾದದ್ದು ಊರಿನ ಅಡಿಯಲ್ಲಿ ಓಡುವ ರೈಲು. ಚಳಿಗಾಲದಲ್ಲಿ ಅತಿಥಿಗಳು ಊರೊಳಗೆ ಕಾರು ಓಡಿಸುವುದು ಬಂದ ದಿನ, ಹೊರಡುವ ದಿನ ಮಾತ್ರ. ಉಳಿದಂತೆ ನೆಲದಡಿಯ ಈ ಬಂಡಿಯೇ ಗತಿ. ನಾಲ್ಕೇ ನಿಲ್ದಾಣ, ಒಟ್ಟು 1,280 ಮೀಟರ್. ಚಕ್ರಗಳಿಲ್ಲ, ಗಾಳಿಯ ಮೆತ್ತೆಯ ಮೇಲೆ ತೇಲುತ್ತದೆ, ಉಕ್ಕಿನ ಹಗ್ಗ ಎಳೆಯುತ್ತದೆ. ಟಿಕೆಟ್ಟೂ ಇಲ್ಲ. 1985ರಿಂದ ಓಡುತ್ತಿದೆ. ಬೆಂಗಳೂರಿಗೆ ಮೆಟ್ರೋ ಬಂದದ್ದು 2011ರಲ್ಲಿ ಅಂದಾಗ ಅಮ್ಮ, "ಇವರಿಗೆ ಬೇರೆ ಕೆಲಸ ಇರ್ಲಿಲ್ಲ ಅನ್ಸುತ್ತೆ" ಅಂದಳು. ಸಂಜೆ ಹೊತ್ತಿಗೆ ಅವಳೇ ಸುಮ್ಮನೆ ಎರಡು ಸಲ ಹೋಗಿ ಬಂದಿದ್ದಳು.

ಎತ್ತರದ ಆಯ್ಕೆಗೂ ಕಾರಣವಿದೆ. ಈಚಿನ ಚಳಿಗಾಲಗಳಲ್ಲಿ ತಗ್ಗಿನ ಊರುಗಳಲ್ಲಿ ಹಿಮ ನಂಬುವಂತಿಲ್ಲ, ಯಂತ್ರದಿಂದ ಹಿಮ ಎರಚಿ ಹಸಿರು ಹುಲ್ಲಿನ ನಡುವೆ ಬಿಳಿ ಪಟ್ಟಿ ಹಾಸಿರುತ್ತಾರೆ. ತೀರಾ ಮೇಲೆ ಹೋದರೆ ಮಕ್ಕಳಿಗೂ ಮುದುಕರಿಗೂ ಚಳಿ, ಗಾಳಿ ತಡೆಯದು. ಇಲ್ಲಿ ಮಲಗುವುದು ಕೆಳಗೆ ಊರಿನಲ್ಲಿ, ಕಲಿಯುವುದು ಮೇಲೆ. ಗೊಂಡೋಲ, ಅಂದರೆ ಹಗ್ಗದ ಮೇಲೆ ಸಾಗುವ ಡಬ್ಬಿ, ಹತ್ತಿದರೆ ಕೋಂಪರ್‌ಡೆಲ್, ಸುಮಾರು ಎರಡು ಸಾವಿರ ಮೀಟರ್. ಮಕ್ಕಳ ಸ್ಕೀ ಶಾಲೆ ಅಲ್ಲೇ.

ಯಾವಾಗ ಹೋಗಬೇಕು ಅನ್ನುವುದರಲ್ಲಿ ನಮಗೆ ಒಂದು ಅನುಕೂಲವಿತ್ತು. ಮಗಳು ಒಂದನೇ ಕ್ಲಾಸಿಗೆ ಸೇರುವುದು ಬರುವ ಸೆಪ್ಟೆಂಬರಿನಲ್ಲಿ. ಜರ್ಮನಿಯಲ್ಲಿ ಶಾಲೆ ಕಡ್ಡಾಯ. ರಜೆಯಿಲ್ಲದ ದಿನ ಮಗುವನ್ನು ತಪ್ಪಿಸಿ ಪ್ರವಾಸ ಹೊರಟರೆ ದಂಡ ಬೀಳಬಹುದು, ಅಜ್ಜಿ ಸತ್ತಳು ಅನ್ನುವ ನಮ್ಮ ಕಾಲದ ನೆಪ ಇಲ್ಲಿ ನಡೆಯುವುದಿಲ್ಲ. ಶಾಲೆಯ ಮಕ್ಕಳಿರುವವರಿಗೆ ಉಳಿಯುವುದು ಕ್ರಿಸ್ಮಸ್ ರಜೆ, ಫಾಶಿಂಗ್ ಅಂದರೆ ಕಾರ್ನಿವಲ್ ರಜೆ, ಈಸ್ಟರ್ ರಜೆ. ಆಗ ಬಾಡಿಗೆಯೂ ಗಗನಕ್ಕೆ, ಲಿಫ್ಟಿನ ಸಾಲೂ ಗಗನಕ್ಕೆ. ಜನವರಿ 6ರ ಮೂರು ರಾಜರ ಹಬ್ಬ ಮುಗಿದ ಮೇಲೆ ಫೆಬ್ರವರಿಯವರೆಗೆ ಒಂದು ಕಂದರ ಬೀಳುತ್ತದೆ, ಜನ ಕಡಿಮೆ, ದರವೂ ಕಡಿಮೆ. ನಾವು ಹಿಡಿದದ್ದು ಅದನ್ನೇ. ಬೆಳಗ್ಗೆ ಮೈನಸ್ ಹತ್ತು ಇರುತ್ತದೆ, ಅಷ್ಟೇ.

ಬಟ್ಟೆಬರೆಗೆ ಮ್ಯೂನಿಕ್‌ನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಅಕ್ಟೋಬರ್, ನವೆಂಬರಿನಲ್ಲಿ ಬಡಾವಣೆಯ ಕ್ರೀಡಾ ಸಂಘಗಳು ಸ್ಕೀ ಸಂತೆ ನಡೆಸುತ್ತವೆ. ಯಾರದೋ ಮಗುವಿಗೆ ಗಿಡ್ಡವಾದ ಜಾಕೆಟ್ಟು, ಪ್ಯಾಂಟು, ಹೆಲ್ಮೆಟ್ಟು ಅಲ್ಲಿ ಅಗ್ಗಕ್ಕೆ ಸಿಗುತ್ತವೆ. ಹೆಲ್ಮೆಟ್ ಮಾತ್ರ ನಾವು ಹೊಸದೇ ಕೊಂಡೆವು, ಹಳೆಯದು ಎಲ್ಲಿ ಹೊಡೆತ ತಿಂದಿದೆಯೋ ಯಾರಿಗೆ ಗೊತ್ತು. ಸ್ಕೀ, ಬೂಟು ಸೆರ್ಫೌಸಿನಲ್ಲೇ ಬಾಡಿಗೆಗೆ. ಹೊಸದಾಗಿ ಕಲಿಯುವ ಮಗುವಿಗೆ ಸ್ಕೀ ಎದೆಯಿಂದ ಗದ್ದದವರೆಗೆ ಬಂದರೆ ಸಾಕು. ಬೂಟನ್ನು ಮುಂದಿನ ವರ್ಷಕ್ಕೂ ಆಗಲಿ ಅಂತ ದೊಡ್ಡದು ತೆಗೆದುಕೊಳ್ಳುವ ನಮ್ಮ ಬುದ್ಧಿ ಇಲ್ಲಿ ಬೇಡ, ಸಡಿಲ ಬೂಟಿನಲ್ಲಿ ಸ್ಕೀ ಮಾತು ಕೇಳುವುದಿಲ್ಲ. ಐದು ಬೆರಳಿನ ಗ್ಲೌಸ್ ಬೇಡ, ಬೆರಳೆಲ್ಲ ಒಟ್ಟಿಗಿರುವ ಮಿಟನ್ ಬೇಕು, ಅದೂ ಎರಡೆರಡು ಜೊತೆ. ಒಂದು ಹೀಟರಿನ ಮೇಲೆ ಒಣಗುವಾಗ ಇನ್ನೊಂದು ಕೈಗೆ. ಮೇಲಿಂದ ಕೆಳಗಿನವರೆಗೆ ಒಂದೇ ಉಡುಪಿನ ಓವರಾಲ್ ನೋಡಲು ಮುದ್ದಾಗಿರುತ್ತದೆ. ಮೂರು ವರ್ಷದವನು "ಅಮ್ಮಾ, ಅರ್ಜೆಂಟು" ಅಂದಾಗ ಅದರ ಮುದ್ದು ತಿಳಿಯುತ್ತದೆ. ಪ್ಯಾಂಟು, ಜಾಕೆಟ್ಟು ಬೇರೆ ಬೇರೆಯೇ ಇರಲಿ.

ವಿಮೆಯ ಮಾತೂ ಹೇಳಿಬಿಡುತ್ತೇನೆ. ಆಸ್ಟ್ರಿಯಾದ ಬೆಟ್ಟದಲ್ಲಿ ಬಿದ್ದು ಹೆಲಿಕಾಪ್ಟರ್ ಬರಬೇಕಾದರೆ ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆ ಸಾಮಾನ್ಯವಾಗಿ ಆ ಖರ್ಚು ಕೊಡುವುದಿಲ್ಲ. ಅದಕ್ಕೆ ಪರ್ವತಾರೋಹಿ ಸಂಘದ ಸದಸ್ಯತ್ವವನ್ನೋ ಪ್ರತ್ಯೇಕ ಪಾಲಿಸಿಯನ್ನೋ ಮಾಡಿಸಿಕೊಂಡೇ ಹೊರಡಬೇಕು.

ದಾರಿ ಗಾರ್ಮಿಶ್, ಫೆರ್ನ್‌ಪಾಸ್ ಘಾಟಿ, ಇಮ್ಸ್ಟ್, ಲಾಂಡೆಕ್ ಮೂಲಕ. ಬಾಡಿಗೆ ಮನೆಗಳಲ್ಲಿ ಹಳಬರು ಖಾಲಿ ಮಾಡಿ ಹೊಸಬರು ಬರುವುದು ಬಹುತೇಕ ಶನಿವಾರವೇ. ಹಾಗಾಗಿ ಅವತ್ತು ಫೆರ್ನ್‌ಪಾಸಿನಲ್ಲಿ ಕಾರುಗಳು ತೆವಳುತ್ತವೆ. ನಾವು ಕತ್ತಲಿರುವಾಗಲೇ ಮಕ್ಕಳನ್ನು ಹೊದಿಕೆ ಸಮೇತ ಎತ್ತಿ ಕಾರಿಗೆ ಹಾಕಿ ಹೊರಟೆವು. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮ, ಮಂಜುಗಡ್ಡೆಯ ರಸ್ತೆಗೆ ಚಳಿಗಾಲದ ಟಯರ್ ಕಡ್ಡಾಯ; ಹೆದ್ದಾರಿಗೆ ವಿನ್ಯೆಟ್, ಅಂದರೆ ಸುಂಕದ ಚೀಟಿ, ಬೇರೆ.

ಸ್ಕೀ ಶಾಲೆಯ ಮೊದಲ ಬೆಳಗ್ಗೆ ನಡೆದದ್ದನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಶಾಲೆಯವರ ನಿಯಮ ಒಂದೇ: ಮಗುವನ್ನು ಒಪ್ಪಿಸಿ, ಕಣ್ಣಿಗೆ ಕಾಣದಂತೆ ಹೋಗಿ. ಮಗಳು ತಿರುಗಿಯೂ ನೋಡಲಿಲ್ಲ. ಮಗ ನೆಲಕ್ಕೆ ಕೂತು ರಾಗ ತೆಗೆದ.

"ಅಯ್ಯೋ, ಅಳ್ತಾ ಇದೆ ಮಗು, ಎತ್ಕೊಳ್ಳೇ," ಅಂದಳು ಅಮ್ಮ.

"ಬೇಡಮ್ಮ, ಟೀಚರ್ ನೋಡ್ಕೋತಾರೆ."

"ಅವಳಿಗೆ ಕನ್ನಡ ಬರುತ್ತೇನೆ? ಇವನಿಗೆ ಏನು ಬೇಕು ಅಂತ ಹೇಗೆ ತಿಳಿಯುತ್ತೆ ಮಾರಾಯ್ತಿ?"

ಅಮ್ಮನನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ಗಾಜಿನ ಹಿಂದೆ ಕಾಫಿ ಕೊಡಿಸಬೇಕಾಯಿತು. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಆ ಟೀಚರ್ ಹುಡುಗಿ ಅವನನ್ನು ಸಮಾಧಾನ ಮಾಡಲು ಹೋಗಲೇ ಇಲ್ಲ. ಪಕ್ಕದಲ್ಲಿ ತಾನೂ ಕೂತು ಹಿಮದ ಉಂಡೆ ಕಟ್ಟತೊಡಗಿದಳು. ಇವನ ಅಳು ನಿಂತು, ಇವನ ಉಂಡೆ ಅವಳದಕ್ಕಿಂತ ದೊಡ್ಡದಾಯಿತು. ಆಮೇಲೆ ಶಾಲೆಯ ಮುರ್ಮ್ಲಿ, ಅಂದರೆ ಮಾರ್ಮಟ್ ವೇಷದ ಬೊಂಬೆ, ಕುಣಿಯುತ್ತ ಬಂತು. ಸ್ವಲ್ಪ ಹೊತ್ತಿಗೆ ಮಗ ನೆಲದಲ್ಲಿ ಚಲಿಸುವ ರಬ್ಬರ್ ಪಟ್ಟಿಯ ಮೇಲೆ ನಿಂತು ಮೇಲಕ್ಕೆ ಹೋಗುತ್ತಿದ್ದ. ಅವರು ಅದನ್ನು ಮಾಯಾಚಾಪೆ ಅನ್ನುತ್ತಾರೆ. ಅವನಿಗೆ ಅದೇ ಮುಖ್ಯ ಕಾರ್ಯಕ್ರಮ. ಕೆಳಗೆ ಜಾರುವುದು ಮತ್ತೆ ಮೇಲೆ ಹೋಗಲಿಕ್ಕೊಂದು ನೆಪ. ಮೂರು ವರ್ಷದವರಿಗೆ ಬೆಳಗಿನ ಹೊತ್ತು ಮಾತ್ರ ಸಾಕು ಅಂತ ಮೊದಲೇ ಠರಾಯಿಸಿದ್ದೆವು. ಮಧ್ಯಾಹ್ನ ಅಜ್ಜಿ, ಮೊಮ್ಮಗ ಇಬ್ಬರಿಗೂ ನಿದ್ದೆ.

ಮಗಳು ಎರಡು ಸ್ಕೀಗಳ ಮೂತಿ ಸೇರಿಸಿ ಬಾಲ ಅಗಲಿಸಿದರೆ ವೇಗ ತಗ್ಗುತ್ತದೆ ಅನ್ನುವುದನ್ನು ಬೇಗ ಕಲಿತಳು. ಟೀಚರ್ "ಪಿಜ್ಜಾ!" ಅಂತ ಕೂಗಿದರೆ ಸಾಲಿನ ಅಷ್ಟೂ ಮಕ್ಕಳ ಕಾಲು ತ್ರಿಕೋನ. ವಾರದ ಮಧ್ಯ ದಾಟುವ ಹೊತ್ತಿಗೆ ನೀಲಿ ಗುರುತಿನ, ಅಂದರೆ ಸುಲಭದ, ಇಳಿಜಾರಿಗೆ ಕರೆದುಕೊಂಡು ಹೋದರು. 1.25 ಮೀಟರಿಗಿಂತ ಕುಳ್ಳಗಿರುವ ಮಕ್ಕಳು ಚೇರ್‌ಲಿಫ್ಟಿನಲ್ಲಿ ಒಬ್ಬರೇ ಕೂರುವಂತಿಲ್ಲ. ಹಾಗಾಗಿ ಅವಳ ಪಕ್ಕದಲ್ಲಿ ಯಾರೋ ಗುರುತಿಲ್ಲದ ಟಿರೋಲಿನ ಅಜ್ಜ ಕೂತರು. ಕೆಳಗೆ ಬಂದ ಮೇಲೆ ಅವರ ನಾಯಿಯ ಹೆಸರು, ವಯಸ್ಸು, ಕಾಯಿಲೆ ಎಲ್ಲ ನಮಗೆ ವರದಿಯಾಯಿತು.

ಅಮ್ಮ ಸ್ಕೀ ಮಾಡಲಿಲ್ಲ, ಆದರೂ ದಿನಾ ಬೆಟ್ಟ ಹತ್ತಿದಳು. ನಡೆಯುವವರಿಗೆ ಮೇಲೆ ಸಮ ಮಾಡಿದ ಹಾದಿಗಳಿವೆ. ಬೂಟಿನಡಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ, ಥರ್ಮಲ್ಲಿನ ಮೇಲೆ ಸಲ್ವಾರು, ತಲೆಗೆ ಅಳಿಯನ ಟೋಪಿ. ಸನ್‌ಸ್ಕ್ರೀನ್ ಹಚ್ಚಲು ಹೋದರೆ ಮಾತ್ರ, "ಈ ಚಳೀಲಿ ಬಿಸಿಲಿಗೆ ಹೆದರ್ತೀಯಲ್ಲೇ" ಅಂತ ನಕ್ಕಳು. ಹೊಸ ಹಿಮ ಅತಿನೇರಳೆ ಕಿರಣಗಳಲ್ಲಿ ಶೇ. 80ರಷ್ಟನ್ನು ವಾಪಸ್ ಎರಚುತ್ತದೆ ಅಂತ ಹೇಳಿದರೆ ನಂಬಲಿಲ್ಲ. ಮೂಗಿನ ತುದಿ ಕೆಂಪಾದ ಮೇಲೆ ತಾನೇ ಟ್ಯೂಬ್ ಕೇಳಿದಳು.

ಊಟಕ್ಕೆ ಅಡುಗೆಮನೆ ಇರುವ ಮನೆಯನ್ನೇ ಹಿಡಿದಿದ್ದೆವು. ಪುಳಿಯೋಗರೆ ಗೊಜ್ಜು, ಅಪ್ಪೆಮಿಡಿ ಉಪ್ಪಿನಕಾಯಿ, ಅನ್ನದ ಕುಕ್ಕರು ಜೊತೆಗೆ ಬಂದಿದ್ದವು. ಬೆಟ್ಟದ ಮೇಲಿನ ಹೋಟೆಲುಗಳಲ್ಲಿ ಸಸ್ಯಾಹಾರಿಗಳಿಗೆ ಫ್ರೆಂಚ್ ಫ್ರೈಸ್, ಚೀಸಿನ ಶ್ಪೆಟ್ಸ್ಲೆ, ಅಂದರೆ ಮೊಟ್ಟೆ ಹಾಕಿ ಕಲಸಿದ ಹಿಟ್ಟಿನ ಗಿಡ್ಡ ಶಾವಿಗೆ. ಮೊಟ್ಟೆ ಬೇಡವೆಂದರೆ ಶ್ಪೆಟ್ಸ್ಲೆಯೂ ಇಲ್ಲ. ಗೆರ್ಮ್‌ಕ್ನೋಡೆಲ್ ಬಂದಾಗ ಅಮ್ಮ ಚಮಚದಲ್ಲಿ ಬಿಡಿಸಿ ಪರೀಕ್ಷೆ ಮಾಡಿದಳು. ಆವಿಯಲ್ಲಿ ಬೆಂದ ಉಂಡೆ, ಒಳಗೆ ಪ್ಲಮ್ ಹಣ್ಣಿನ ಹೂರಣ, ಮೇಲೆ ಗಸಗಸೆ, ಸಕ್ಕರೆ. "ಕಡುಬೇ ಇದು, ಸ್ವಲ್ಪ ಉಬ್ಬಿದೆ ಅಷ್ಟೆ" ಅಂತ ತೀರ್ಪು ಬಂತು. ಇದರಲ್ಲೂ ಮೊಟ್ಟೆ ಇದೆಯಾ ಅಂತ ಅವಳು ಕೇಳಲಿಲ್ಲ, ನಾವೂ ಹೇಳಲು ಹೋಗಲಿಲ್ಲ.

ವಾರದ ಕೊನೆಗೆ ಶಾಲೆಯ ಸ್ಕೀ ಸ್ಪರ್ಧೆ. ಎದೆಗೆ ನಂಬರು, ಧ್ವನಿವರ್ಧಕದಲ್ಲಿ ಹೆಸರು, ಕೊನೆಗೆ ಎಲ್ಲರಿಗೂ ಪದಕ. ಮಗಳ ಹೆಸರನ್ನು ಆ ಮನುಷ್ಯ ಉಚ್ಚರಿಸಿದ ರೀತಿಗೆ ಅವಳು ತನ್ನದೆಂದು ತಿಳಿಯದೆ ನಿಂತೇ ಇದ್ದಳು, ಟೀಚರ್ ಬೆನ್ನು ತಟ್ಟಿದ ಮೇಲೆ ಹೊರಟಳು. ಮಗ ಸ್ಪರ್ಧೆ ಶುರುವಾಗುವ ಬಾಗಿಲು ದಾಟಿ, ಅರ್ಧ ದಾರಿಯಲ್ಲಿ ನಿಂತು, ಅಜ್ಜಿಗೆ ಕೈ ಬೀಸಿ, ಮತ್ತೆ ಹೊರಟ.

ಮುಂದಿನ ವರ್ಷ ನಾವೂ ಫಾಶಿಂಗ್ ರಜೆಯ ಜನವೇ. ಆ ವಾರಕ್ಕೆ ಮನೆ ಬೇಕಾದರೆ ಈಗಲೇ ಹೇಳಿ ಅಂದರು ಮನೆಯೊಡತಿ. ಈ ಸಲ ಕೊಟ್ಟದ್ದಕ್ಕಿಂತ ಬಾಡಿಗೆ ತೀರಾ ಜಾಸ್ತಿ. ನಮ್ಮ ಯಜಮಾನರು ಫೋನಿನಲ್ಲಿ ಕೂಡಿ ಕಳೆದು ನಿಟ್ಟುಸಿರು ಬಿಟ್ಟು ಮುಂಗಡ ಕೊಟ್ಟರು. ಮುಂದಿನ ಸಲಕ್ಕೆ ಕುಕ್ಕರು ಇನ್ನೂ ಒಂದು ಸೈಜು ದೊಡ್ಡದಿರಲಿ ಅಂತ ಅಮ್ಮ ಕಾರಿನಲ್ಲೇ ಹೇಳಿದಳು.