ಲಾಯರ್ ಮೇಡಂ ಮೊದಲು ಕೇಳಿದ್ದು ಎಫ್‌ಐಆರ್ ಕಾಪಿ

ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಅಪ್ಪನ ಫೋನ್ ಬಂತು. ಆಫೀಸ್ ಟೈಮಲ್ಲಿ ಅಪ್ಪ ಯಾವತ್ತೂ ಫೋನ್ ಮಾಡೋರಲ್ಲ. "ಹುಡುಗನ್ ಮೇಲೆ ಕೇಸ್ ಆಗೈತೆ ಕಣವ್ವ, ಬಾ" ಅಂದ್ರು ಅಷ್ಟೇ. 2024ರ ಆಗಸ್ಟ್ ಅದು. ಬೆಂಗಳೂರಿಂದ ಹಾಸನದ ಬಸ್ ಹತ್ತಿದೋಳಿಗೆ ದಾರಿಯುದ್ದಕ್ಕೂ ಒಂದೇ ಯೋಚನೆ, ನಮ್ಮ ವಂಶದಲ್ಲೇ ಯಾರೂ ಸ್ಟೇಷನ್ ಮೆಟ್ಟಿಲು ಹತ್ತಿದೋರಲ್ಲ, ಯಾರನ್ನ ಹಿಡಿಯೋದು, ಏನಂತ ಕೇಳೋದು.

ಪಕ್ಕದ ತೋಟದೋರಿಗೂ ನಮಗೂ ಬದುವಿನ ಮೇಲೆ ಹಾಕಿರೋ ಬೋರ್‌ವೆಲ್ ಪೈಪಿನ ವಿಚಾರಕ್ಕೆ ಮೂರು ವರ್ಷದಿಂದ ಮಾತಿಲ್ಲ. ಹಿಂದಿನ ದಿನ ಸಂಜೆ 5 ಗಂಟೆ ಹೊತ್ತಿಗೆ ಜಗಳ ಕೈಮೀರಿ ಅವರ ಕಡೆಯೋರೊಬ್ರ ಮುಂದಿನ ಹಲ್ಲು ಮುರಿದಿತ್ತು, ನನ್ನ ತಮ್ಮನ ತಲೆಗೂ ಪೆಟ್ಟು ಬಿದ್ದಿತ್ತು. ಅವರು ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸ್ಕೊಂಡು ಮಾರನೇ ದಿನ 11 ಗಂಟೆಗೆ ಕಂಪ್ಲೇಂಟ್ ಕೊಟ್ರು. ನಮ್ಮೋನು ಮೆಡಿಕಲ್ ಶಾಪಲ್ಲಿ ಹತ್ತಿ ಇಡಿಸ್ಕೊಂಡು ಬಂದು ಮಲಗಿದ್ದ, ಕೇಸ್ ಆಯ್ತು ಅಂತ ಗೊತ್ತಾದ ತಕ್ಷಣ ಚಿಕ್ಕಮ್ಮನ ಮನೆಗೆ ಹೋಗಿ ಕೂತ.

ನಾನು ಇಳಿಯೋ ಹೊತ್ತಿಗೆ ಅಪ್ಪ ಸ್ಟೇಷನ್ ಎದುರು ಟೀ ಅಂಗಡಿಲಿ ಒಬ್ಬನ ಜೊತೆ ನಿಂತಿದ್ರು. ಅವನು ಲಾಯರ್ರೂ ಅಲ್ಲ ಪೊಲೀಸೂ ಅಲ್ಲ, ಎಲ್ಲರೂ ಗೊತ್ತು ಅಂತ ಹೇಳ್ಕೊಂಡು ಓಡಾಡೋನು. "60 ಸಾವಿರ ಮಾಡಿ, ಮೇಲಿನೋರ್ಗೆ ಹೇಳಿ ಸೆಕ್ಷನ್ ಕಮ್ಮಿ ಮಾಡಿಸ್ತೀನಿ, ಕೋರ್ಟಿಗೋದ್ರೆ ಹತ್ತು ವರ್ಷ ಅಲೀತೀರ" ಅಂತಿದ್ದ. ಅಪ್ಪನ ಕೈ ಆಗಲೇ ಒಳಜೇಬಿಗೆ ಹೋಗಿತ್ತು, ಕೊಬ್ಬರಿ ಮಾರಿದ ದುಡ್ಡು ಅದು. ನಾನು ಅಪ್ಪನ ಮುಂಗೈ ಹಿಡ್ಕೊಂಡು "ಬೆಳಿಗ್ಗೆ ನೋಡೋಣ ಬನ್ನಿ ಅಪ್ಪ" ಅಂತ ಕರ್ಕೊಂಡು ಬಂದೆ. ಅವತ್ತು ರಾತ್ರಿ ಅಪ್ಪ ನನ್ನ ಜೊತೆ ಮಾತಾಡ್ಲಿಲ್ಲ. ಇರೋ ಒಂದು ದಾರಿನೂ ನಾನೇ ಮುಚ್ಚಿಬಿಟ್ಟೆ ಅಂತ ಅವರಿಗೆ ಅನ್ನಿಸಿತ್ತು, ನಿಜ ಹೇಳ್ಬೇಕಂದ್ರೆ ನನಗೂ ಅದೇ ಭಯ.

ಬೆಳಿಗ್ಗೆ ಸಂಬಂಧಿಕರೊಬ್ರು ಹೇಳಿದ ಲಾಯರ್ ಹತ್ರ ಹೋದ್ವಿ. ದೊಡ್ಡ ಆಫೀಸು, ಒಳ್ಳೆ ಮಾತು. ಎರಡೇ ನಿಮಿಷ ಕೇಳಿಸ್ಕೊಂಡು "ಯೋಚನೆನೇ ಮಾಡ್ಬೇಡಿ, ಎರಡು ದಿನದಲ್ಲಿ ಬೇಲ್ ಗ್ಯಾರಂಟಿ, 80 ಸಾವಿರ, ಅದರಲ್ಲೇ ಒಳಗಿನ ಖರ್ಚೆಲ್ಲ ಬರುತ್ತೆ" ಅಂದ್ರು. ಯಾವ ಸೆಕ್ಷನ್ ಅಂತ ಕೇಳಲೇ ಇಲ್ಲ! ಅಪ್ಪನ ಮುಖ ಅರಳಿತು. ನನಗೆ ಮಾತ್ರ ಕೇಸೇ ಏನಂತ ಗೊತ್ತಿಲ್ಲದೆ ಗ್ಯಾರಂಟಿ ಹೆಂಗೆ ಕೊಡ್ತಾರೆ ಅಂತ ತಲೇಲಿ ಕೊರೀತಾನೇ ಇತ್ತು, ದುಡ್ಡು ಹೊಂದಿಸ್ಕೊಂಡು ಬರ್ತೀವಿ ಅಂತ ಹೇಳಿ ಎದ್ದು ಬಂದ್ವಿ.

ವಕೀಲರು ಜಾಹೀರಾತು ಕೊಡೋ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ. ಹಂಗಾಗಿ ನಮ್ಮಂಥೋರಿಗೆ ಬಾಯಿಂದ ಬಾಯಿಗೆ ಬರೋ ಹೆಸರೇ ಗತಿ. ನಾನು ಕೋರ್ಟ್ ಮುಂದಿನ ಟೈಪಿಂಗ್ ಅಂಗಡಿಯಣ್ಣನ್ನ ಕೇಳಿದೆ, ದಿನಾ ಎಲ್ಲರ ಅರ್ಜಿ ಟೈಪ್ ಮಾಡೋರಿಗೆ ಗೊತ್ತಿರಲ್ವಾ ಅಂತ. ಅವರು ಮೂರು ಹೆಸರು ಹೇಳಿ, "ಕೇಳೋದ್ಯಾಕಮ್ಮ, ಒಳಗೋಗಿ ಕೂತ್ಕೊಂಡು ನೋಡಿ, ಯಾರೂ ಬೇಡ ಅನ್ನಲ್ಲ" ಅಂದ್ರು. ಕೋರ್ಟ್ ಹಾಲಿಗೆ ಯಾರು ಬೇಕಾದ್ರೂ ಹೋಗಿ ಕೂರಬಹುದು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಹಿಂದಿನ ಬೆಂಚಲ್ಲಿ ಒಂದು ಗಂಟೆ ಕೂತೆ. ಆ ಮೂರು ಹೆಸರಲ್ಲಿ ಒಬ್ರು ಹೆಂಗಸು, ಯಾವುದೋ ಬೇಲ್ ಅರ್ಜಿಗೆ ನಿಂತಿದ್ರು. ಜೋರು ದನಿ ಇಲ್ಲ, ಜಡ್ಜ್ ಏನ್ ಕೇಳಿದ್ರೂ ಫೈಲ್ ತಡಕಾಡದೆ ಪುಟ ಹೇಳ್ತಿದ್ರು. ಅವರೇ ಸಾಕು ಅನ್ನಿಸ್ತು.

ಜೆರಾಕ್ಸ್ ಅಂಗಡಿ ಮೇಲಿನ ಚಿಕ್ಕ ರೂಮು ಅವರ ಆಫೀಸು. ನಾವು ಶುರು ಮಾಡೋಕೆ ಮುಂಚೆನೇ "ಎಫ್‌ಐಆರ್ ಕಾಪಿ ಎಲ್ಲಿ?" ಅಂದ್ರು. ನಮ್ಮ ಹತ್ರ ಇರಲಿಲ್ಲ. ಎಫ್‌ಐಆರನ್ನ 24 ಗಂಟೆ ಒಳಗೆ ವೆಬ್‌ಸೈಟಿಗೆ ಹಾಕ್ಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆಯಂತೆ, ಸೂಕ್ಷ್ಮ ಕೇಸ್ ಬಿಟ್ಟು. ನನ್ನ ಮೊಬೈಲಲ್ಲೇ ಪೊಲೀಸ್ ವೆಬ್‌ಸೈಟಿಂದ ಡೌನ್‌ಲೋಡ್ ಮಾಡಿಸಿ ಕೆಳಗೆ ಪ್ರಿಂಟ್ ತರಿಸಿದ್ರು. ಕೆಂಪು ಪೆನ್ನು ಹಿಡ್ಕೊಂಡು ಒಂದೊಂದೇ ಸಾಲು ಓದಿದ್ರು, ನಾವು ಉಸಿರು ಬಿಗಿಹಿಡಿದು ಕೂತಿದ್ವಿ. ಗಲಾಟೆ ಸಂಜೆ 5ಕ್ಕೆ, ದೂರು ಮಾರನೇ ದಿನ 11ಕ್ಕೆ, ಅದಕ್ಕೊಂದು ಗೆರೆ. "ಮಚ್ಚಿನಿಂದ ಹೊಡೆದ" ಅಂತ ಇದ್ದ ಕಡೆ ಎರಡು ಗೆರೆ. ಸೆಕ್ಷನ್ 118(2) ಅನ್ನೋದಕ್ಕೆ ಒಂದು ಸುತ್ತು.

ಈ 118(2) ಅಂದ್ರೇನು ಅಂತ ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಳೇ ಐಪಿಸಿ ಬದಲಿಗೆ ಜುಲೈ 1ಕ್ಕೆ ಭಾರತೀಯ ನ್ಯಾಯ ಸಂಹಿತೆ ಅನ್ನೋ ಹೊಸ ಕಾನೂನು ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ, ಜನಕ್ಕೆ ಗೊತ್ತಿದ್ದಿದ್ದು ಐಪಿಸಿಯ 307, 326 ಅಷ್ಟೇ. ಮೇಡಂ ಗೋಡೆ ಮೇಲೆ ಹಳೇ ನಂಬರ್, ಹೊಸ ನಂಬರ್ ಪಟ್ಟಿ ಅಂಟಿಸಿದ್ರು, ಅದನ್ನ ತೋರಿಸಿ ಅಪ್ಪನಿಗೆ ಅರ್ಥ ಆಗೋ ಹಂಗೆ ಹೇಳಿದ್ರು. ಹಲ್ಲು ಮುರಿದ್ರೂ ಕಾನೂನಲ್ಲಿ ಅದು ತೀವ್ರ ಗಾಯವೇ. ಬರೀ ಕೈಯಲ್ಲಾದ್ರೆ 117(2), ಏಳು ವರ್ಷದ ತನಕ ಶಿಕ್ಷೆ, ಅಂಥ ಕೇಸಲ್ಲಿ ಸಾಮಾನ್ಯವಾಗಿ ನೋಟಿಸ್ ಕೊಟ್ಟು ಕರೆಸ್ತಾರೆ. ಅಪಾಯಕಾರಿ ಆಯುಧ ಅಂತ ಸೇರಿದ್ರೆ 118(2), ಜೀವಾವಧಿ ತನಕ ಹೋಗಬಹುದು, ಅರೆಸ್ಟ್ ಮಾಡೋಕೆ ದಾರಿ ಸಲೀಸು. "ಮಚ್ಚು ಅನ್ನೋ ಒಂದು ಪದದ ಮೇಲೆ ನಿಂತಿದೆ ಇದು. ಮಚ್ಚಲ್ಲಿ ಹೊಡೆದಿದ್ರೆ ಕೊಯ್ದ ಗಾಯ ಇರ್ಬೇಕಲ್ವಾ, ಗಾಯ ನೋಡಿ ಡಾಕ್ಟರ್ ಕೊಡೋ ವೂಂಡ್ ಸರ್ಟಿಫಿಕೇಟಲ್ಲಿ ಏನಿದೆ ನೋಡೋಣ" ಅಂದ್ರು.

ಆಮೇಲೆ ತಮ್ಮನ್ನ ಕರೆಸಿದ್ರು. ತಲೆ ಗಾಯ ನೋಡಿದೋರೇ ಬೈದ್ರು, ಮೆಡಿಕಲ್ ಶಾಪಿನ ಬ್ಯಾಂಡೇಜಿಗೆ ಕೋರ್ಟಲ್ಲಿ ಏನ್ ಬೆಲೆ, ಇವತ್ತೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಎಂಎಲ್‌ಸಿ, ಅಂದ್ರೆ ಪೊಲೀಸ್ ಕೇಸಿನ ಗಾಯ ಅಂತ ಆಸ್ಪತ್ರೆಯಲ್ಲಿ ದಾಖಲೆ, ಮಾಡಿಸು ಅಂತ. ಏನಾಯ್ತು ಹೇಳಪ್ಪ ಅಂದಾಗ ಅವನು "ನಾನು ಮುಟ್ಟೇ ಇಲ್ಲ ಮೇಡಂ" ಅಂದ. ಮೇಡಂ ಪೆನ್ನಿನ ಕ್ಯಾಪ್ ಹಾಕಿ ಪಕ್ಕಕ್ಕಿಟ್ರು. ನನಗೂ ಅಪ್ಪನಿಗೂ ಹೊರಗೆ ಕೂತಿರಿ ಅಂದ್ರು. ಲಾಯರ್ ಹತ್ರ ಹೇಳಿದ್ದು ಅವನ ಒಪ್ಪಿಗೆ ಇಲ್ಲದೆ ಹೊರಗೆ ಹೋಗಲ್ಲ, ಕಾನೂನೇ ಹಂಗಿದೆ, ಆದ್ರೆ ಅಪ್ಪ ಅಕ್ಕನ ಮುಂದೆ ಹುಡುಗ ಬಾಯಿಬಿಡಲ್ಲ ಅಂತ ಅವರಿಗೆ ಗೊತ್ತಿತ್ತು. ಬಾಗಿಲು ಹಾಕೋವಾಗ ಕೇಳಿಸಿದ್ದು ಇಷ್ಟೇ, "ನನ್ನತ್ರ ಸುಳ್ಳು ಹೇಳಿದ್ರೆ ನಾಳೆ ಜಡ್ಜ್ ಮುಂದೆ ನಾನು ಬೀಳ್ತೀನಿ, ನನ್ನ ಜೊತೆ ನೀನೂ ಬೀಳ್ತೀಯ." ಇಪ್ಪತ್ತು ನಿಮಿಷ ಆದ್ಮೇಲೆ ಹೊರಗೆ ಬಂದ, ಕಣ್ಣು ಕೆಂಪಗಿತ್ತು, ಆದ್ರೆ ಎರಡು ದಿನದಿಂದ ಬಗ್ಗಿಸಿದ್ದ ತಲೆ ಎತ್ತಿದ್ದ. ಒಳಗೆ ಏನ್ ಹೇಳ್ದ ಅಂತ ನಾನು ಇವತ್ತಿಗೂ ಕೇಳಿಲ್ಲ.

ಫೀಸ್ ವಿಚಾರಕ್ಕೆ ಬಂದಾಗ ನಿರೀಕ್ಷಣಾ ಜಾಮೀನಿಗೆ, ಅಂದ್ರೆ ಅರೆಸ್ಟಿಗೆ ಮುಂಚೆನೇ ತಗೊಳ್ಳೋ ಬೇಲಿಗೆ, 25 ಸಾವಿರ, ಟ್ರಯಲ್ ನಡೆದ್ರೆ ಅದು ಬೇರೆ, ಕೊಟ್ಟಿದ್ದಕ್ಕೆಲ್ಲ ರಸೀದಿ. ಅಪ್ಪ ಮೆಲ್ಲಗೆ "ಗ್ಯಾರಂಟಿ ಆಯ್ತದಾ ಮೇಡಂ?" ಅಂದ್ರು. "ಗ್ಯಾರಂಟಿ ಕೊಡೋಕೆ ಆರ್ಡರ್ ಬರೆಯೋದು ನಾನಲ್ಲ ಯಜಮಾನ್ರೇ, ಕೆಲಸ ಮಾಡ್ತೀನಿ" ಅಂದ್ರು. ಅಪ್ಪ ಒಂದು ನಿಮಿಷ ಸುಮ್ಮನಿದ್ದು ಒಳಜೇಬಿಗೆ ಕೈ ಹಾಕಿದ್ರು. ಈ ಸಲ ನಾನು ತಡೀಲಿಲ್ಲ. ಅಷ್ಟೂ ಕೊಡೋಕೆ ಆಗದೇ ಇರೋರಿಗೆ ಅದೇ ಕೋರ್ಟ್ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಹೆಂಗಸರು, ಎಸ್‌ಸಿ ಎಸ್‌ಟಿಯವರು, ಕಸ್ಟಡಿಯಲ್ಲಿ ಇರೋರು, ಇವರಿಗೆ ಆದಾಯ ನೋಡದೆ ವಕೀಲರನ್ನ ಕೊಡ್ತಾರೆ, ಹೆಲ್ಪ್‌ಲೈನ್ 15100. ಈ ನಂಬರ್ ಗೊತ್ತಿಲ್ಲದೆ ಬಡ್ಡಿಗೆ ಸಾಲ ಮಾಡೋ ಮನೆಗಳು ಎಷ್ಟಿವೆಯೋ ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಸೆಷನ್ಸ್ ಕೋರ್ಟಲ್ಲಿ ಅರ್ಜಿ ಹಾಕಿ, ಸರ್ಕಾರಿ ವಕೀಲರ ತಕರಾರು ಬಂದು, ವಾದ ಮುಗಿದು ಆರ್ಡರ್ ಆಗೋಕೆ 12 ದಿನ ಹಿಡೀತು. ಒಂದು ಲಕ್ಷದ ಬಾಂಡು, ಒಬ್ಬರು ಜಾಮೀನುದಾರರು. ಜಾಮೀನಿಗೆ ನಿಲ್ಲೋಕೆ ಪಹಣಿ ಯಾರ್ ಕೊಡ್ತಾರೆ ಅಂತ ಅಪ್ಪ ಚಿಂತೆ ಮಾಡ್ತಿದ್ರೆ, ಭಾಗದ ವಿಚಾರಕ್ಕೆ ನಮ್ಮನೆ ಬಾಗಿಲಿಗೇ ಬರದ ದೊಡ್ಡಪ್ಪ ಪಹಣಿ, ಆಧಾರ್ ಎರಡನ್ನೂ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು ಬೆಳಿಗ್ಗೆ ಮೊದಲನೇ ಬಸ್ಸಿಗೇ ಬಂದು ಕೋರ್ಟ್ ಗೇಟಲ್ಲಿ ನಿಂತಿದ್ರು.

ಚಾರ್ಜ್‌ಶೀಟ್ ಬಂದಾಗ ಜಪ್ತಿ ಪಟ್ಟಿಯಲ್ಲಿ ಮಚ್ಚು ಇರಲಿಲ್ಲ, ಸೆಕ್ಷನ್ 117(2)ಕ್ಕೆ ಇಳಿದಿತ್ತು. ಅವರ ಮೇಲೆ ನಮ್ಮ ಕಡೆಯಿಂದ ಹಾಕಿದ ಕೌಂಟರ್ ಕೇಸೂ ಜೊತೆಗೇ ನಡೀತಿದೆ. ಸಾಕ್ಷಿ ವಿಚಾರಣೆ ಇನ್ನೂ ಶುರುವಾಗಿಲ್ಲ. ಮುಂದಿನ ಡೇಟಿಗೆ ನಾನೂ ರಜಾ ಹಾಕಿದೀನಿ, ಅಪ್ಪನ್ನ ಕರ್ಕೊಂಡು ಹೋಗ್ಬೇಕು.